ನಾನು ನಂಬದ ನೋವು

ನರ್ಸಿಂಗ್ ಕಾಲೇಜೊಂದರಲ್ಲಿ ಶರೀರಕ್ರಿಯಾ ಶಾಸ್ತ್ರ ಕಲಿಸುವುದು ನನ್ನ ಕೆಲಸ. ಗರ್ಭಕೋಶದ ಪಾಠ ಬಂದಾಗ ಪ್ರತಿ ವರ್ಷ ಒಂದು ಸಂಗತಿಯನ್ನು ಖುಷಿಯಿಂದ ಹೇಳುತ್ತಿದ್ದೆ: ಮಗು ಬೆಳೆದಂತೆ ಗರ್ಭಕೋಶದ ಗೋಡೆಯಲ್ಲಿ ನರತಂತುಗಳು ವಿರಳವಾಗುತ್ತ ಹೋಗುತ್ತವೆ, ನೋವು ತಿಳಿಸುವ ಸಂವೇದನಾ ನರಗಳೂ ಸೇರಿ. ಅಷ್ಟು ಹಿಗ್ಗುವ ಅಂಗ ಪ್ರತಿ ಎಳೆತಕ್ಕೂ ಕೂಗಿಕೊಂಡರೆ ಯಾವ ಹೆಂಗಸು ಒಂಬತ್ತು ತಿಂಗಳು ತಾಳಿಯಾಳು ಎಂದರೆ ತರಗತಿ ನಗುತ್ತಿತ್ತು.

ತಮ್ಮ ದುಬೈಯಲ್ಲಿದ್ದ. ಏಳು ತಿಂಗಳು ತುಂಬಿದ ಅವನ ಹೆಂಡತಿ ಜೆಪ್ಪುವಿನ ನಮ್ಮ ಮನೆಯಲ್ಲಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಕುದ್ರೋಳಿಯ ದೇವಸ್ಥಾನಕ್ಕೆ ಹೋಗಿದ್ದರು. ನಾನು ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದೆ.

"ಅಕ್ಕ, ಸೊಂಟದ ಹತ್ತಿರ ಎಂತದೋ ಹಿಡಿದ ಹಾಗೆ ಆಗ್ತದೆ. ಬರ್ತದೆ, ಹೋಗ್ತದೆ," ಎಂದಳು.

ನಾನು ಪೆನ್ನು ಕೆಳಗಿಡಲಿಲ್ಲ. "ಗ್ಯಾಸ್ ಮಾರಾಯ್ತಿ. ಈ ಸಮಯದಲ್ಲಿ ಗರ್ಭಕೋಶದಲ್ಲಿ ನರಗಳೇ ಕಡಿಮೆ ಆಗಿರ್ತವೆ. ಅಲ್ಲಿಂದ ಅಷ್ಟು ನೋವು ಬರ್ಲಿಕ್ಕಿಲ್ಲ. ಸ್ವಲ್ಪ ಜೀರಿಗೆ ನೀರು ಕುಡಿ."

ಕುಡಿದಳು. ಒಂದು ಗಂಟೆ ಕಳೆದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಕೆಳಗೆ ಒತ್ತಿದ ಹಾಗೆ ಉಂಟು ಅಕ್ಕ. ಆಸ್ಪತ್ರೆಗೆ ಹೋಗುವಾ?"

ಚೊಚ್ಚಲ ಬಸಿರಿನವರೆಲ್ಲ ಹೀಗೇ ಹೆದರುತ್ತಾರೆ ಎಂದೆ. ಹೇಳಿದ ಧಾಟಿ ಈಗಲೂ ಕಿವಿಯಲ್ಲಿದೆ: ತಪ್ಪು ಉತ್ತರ ಬರೆದ ವಿದ್ಯಾರ್ಥಿನಿಗೆ ಹೇಳುವ ಧಾಟಿ. ಅವಳು ಮತ್ತೆ ಕೇಳಲಿಲ್ಲ. ಕೋಣೆಗೆ ಹೋಗಿ ಮಲಗಿದಳು. ನನಗೆ ಹೆರಿಗೆ ನೋವು ಎಂದರೇನೆಂದೇ ಗೊತ್ತಿರಲಿಲ್ಲ. ಮೊದಲೇ ದಿನ ಗೊತ್ತುಮಾಡಿ ನನ್ನ ಮಗನನ್ನು ಆಪರೇಷನ್ ಮಾಡಿ ತೆಗೆದಿದ್ದರು.

ಮಧ್ಯಾಹ್ನ ಅಮ್ಮ ಬಂದವರು ಪ್ರಸಾದ ಕೊಡಲು ಕೋಣೆಗೆ ಹೋದರು. ಅವಳ ಹೊಟ್ಟೆ ಮುಟ್ಟಿದ್ದೇ ಕೂಗಿದರು. "ಬಂಜಿ ಕಲ್ಲಾಗಿ ಉಂಟಲ್ಲ! ನೀನು ಮನೆಯಲ್ಲೇ ಇದ್ದು ಎಂತ ನೋಡಿದ್ದು?"

ಬೆಳಗ್ಗಿನಿಂದ ನಾನು ಆ ಹೊಟ್ಟೆಯ ಮೇಲೆ ಒಂದು ಸಲವೂ ಕೈ ಇಟ್ಟಿರಲಿಲ್ಲ.

ರಿಕ್ಷಾದಲ್ಲಿ ಅವಳು ಅಮ್ಮನ ಕೈ ಹಿಡಿದುಕೊಂಡಳು, ನನ್ನದನ್ನಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಡಾಕ್ಟರಮ್ಮ, "ಗರ್ಭಕೋಶದ ಕೊರಳು ಆಗಲೇ ತೆರೆದಿದೆ. ಬೆಳಿಗ್ಗೆ ಬಂದಿದ್ದರೆ ಹೆರಿಗೆಯನ್ನು ಸ್ವಲ್ಪವಾದರೂ ಮುಂದೂಡಲು ನೋಡಬಹುದಿತ್ತು. ಯಾಕೆ ತಡ ಮಾಡಿದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ನನಗೆ ಗೊತ್ತಾಗಲಿಲ್ಲ ಡಾಕ್ಟ್ರೇ."

ಕೊರಳು ಎಂಬ ಮಾತು ಕೇಳಿದ್ದೇ ನನ್ನ ಪಾಠದ ಉಳಿದರ್ಧ ನೆನಪಾಯಿತು. ವಿರಳವಾಗುವುದು ಹಿಗ್ಗುವ ಭಾಗದ ನರಗಳು. ಕೊರಳಿನ ಸುತ್ತಲಿನವು ಉಳಿದಿರುತ್ತವೆ, ಅದು ತೆರೆಯುವಾಗಿನ ನೋವನ್ನು ಅವೇ ಹೊತ್ತೊಯ್ಯುತ್ತವೆ. ಅದನ್ನೂ ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಗೊತ್ತಿಲ್ಲದೆ ತಪ್ಪಿದೆ ಎನ್ನುವ ಹಾಗೂ ಇರಲಿಲ್ಲ.

ಅಂದು ಸಂಜೆಯೇ ಹೆಣ್ಣು ಮಗು ಹುಟ್ಟಿತು. ಅಂಗೈಯಗಲದ ಬೆನ್ನು, ಮೂಗಿನಲ್ಲಿ ನಳಿಕೆ. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ತಮ್ಮ ಫೋನಿನಲ್ಲಿ, "ನೀನು ಮನೆಯಲ್ಲಿ ಇದ್ದದ್ದು ಒಳ್ಳೆಯದಾಯ್ತು ಅಕ್ಕ, ಇಲ್ಲದಿದ್ರೆ ಎಂತ ಆಗ್ತಿತ್ತೋ," ಎಂದ. ನಾನು "ಹೂಂ" ಅಂದೆ. ಬರೆಯಲು ಅತ್ಯಂತ ಕಷ್ಟವಾಗುತ್ತಿರುವುದು ಆ ಹೂಂ.

ಮಗು ಉಳಿಯಿತು, ಮನೆಗೆ ಬಂತು. ಬಾಣಂತಿಗೆ ಗಂಜಿ ಕೊಡುವ ನೆಪದಲ್ಲಿ ಒಂದು ದಿನ ಅವಳೆದುರು ಕೂತು ನನ್ನಿಂದ ತಪ್ಪಾಯಿತು ಎಂದೆ.

ಅವಳು ಮಗುವಿನ ಟೊಪ್ಪಿ ಸರಿಮಾಡಿದಳು. "ಗೊತ್ತಾಗದೆ ಹೇಳಿದ್ದಾದ್ರೆ ಹೋಗ್ಲಿ ಅಕ್ಕ. ಆದ್ರೆ ನೀವು ಹೇಳಿದ ಮೇಲೆ, ನನಗೆ ನೋವು ಆಗ್ತಾ ಉಂಟಾ ಇಲ್ವಾ ಅಂತ ನನಗೇ ಅನುಮಾನ ಬಂತು. ಅಷ್ಟು ನೋವಲ್ಲಿ ಮಲಗಿಕೊಂಡು, ಇದು ಸುಳ್ಳು, ಇದು ಸುಳ್ಳು ಅಂತ ಹೇಳಿಕೊಳ್ತಾ ಇದ್ದೆ."

ಗಂಜಿ ಆರಿತ್ತು; ಬಿಸಿ ಮಾಡಿ ತರುತ್ತೇನೆಂದು ಎದ್ದೆ. ಬೇಡ ಎಂದು ಅದನ್ನೇ ಕುಡಿದಳು.

ಅವಳು ನನ್ನೊಡನೆ ಈಗ ಚೆನ್ನಾಗಿಯೇ ಇದ್ದಾಳೆ. ಮಗುವಿಗೆ ಜ್ವರ ಬಂದರೆ ಮಾತ್ರ ನನ್ನನ್ನು ಕೇಳುವುದಿಲ್ಲ, ನೇರ ಡಾಕ್ಟರ ಹತ್ತಿರ ಹೋಗುತ್ತಾಳೆ. ತಮ್ಮನಿಗೆ ನಾನಿನ್ನೂ ಹೇಳಿಲ್ಲ.