ಗೋಡೆಯಾಚೆ ಕೇಳುವ ಮೆಟ್ಟಿಲು

ಈ ದೇಶದಲ್ಲಿ ಮೆಟ್ಟಿಲಿಗೂ ಕಂಬಳಿ ಹೊದೆಸಿರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಂಗ್ಲೆಂಡಿನ ಉತ್ತರದ ಈ ಸಣ್ಣ ಊರಿನಲ್ಲಿ ನಾವು ಕೊಂಡ ಹಳೇ ಮನೆಯ ಬಾಗಿಲು ತೆಗೆದರೆ ಎದುರಿಗೇ ಕಡಿದಾದ ಮೆಟ್ಟಿಲು, ಅದರ ಮೇಲೆ ಬುಡದಿಂದ ತುದಿಯವರೆಗೆ ಕಂದು ಬಣ್ಣದ ದಪ್ಪ ಕಾರ್ಪೆಟ್ಟು. ಪಾದ ಇಟ್ಟರೆ ಮೆತ್ತಗೆ ಒಳಗೆ ಹೋಗುತ್ತಿತ್ತು, ನೆಲ ಸಿಕ್ಕಿದ ಹಾಗೇ ಆಗುತ್ತಿರಲಿಲ್ಲ. ಅಜ್ಜಂಪುರದಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಅದನ್ನ ತೊಳೆಯೋದೆಂಗೆ?"

"ತೊಳೆಯಲ್ಲಮ್ಮ. ಮಿಷನ್ನಲ್ಲಿ ಧೂಳು ಎಳೀತಾರೆ."

"ಎಷ್ಟು ವರ್ಷದಿಂದ ತೊಳೆದಿಲ್ಲ?"

ಹಿಂದೆ ಇದ್ದವರು ನಾಯಿ ಸಾಕಿದ್ದರಂತೆ. ಮಳೆ ಬಂದ ದಿನ ಮೆಟ್ಟಿಲ ಹತ್ತಿರ ಒದ್ದೆ ನಾಯಿಯ ವಾಸನೆ ಏಳುತ್ತಿತ್ತು, ಈ ಊರಿನಲ್ಲಿ ಮಳೆ ಬಾರದ ದಿನಗಳೇ ಕಡಿಮೆ. ಶುಕ್ರವಾರ ಬೆಳಗ್ಗೆ ಮನೆ ತೊಳೆದು ಹೊಸ್ತಿಲಿಗೆ ಅರಿಶಿನ ಹಚ್ಚುವುದನ್ನು ನೋಡಿ ಬೆಳೆದವಳು ನಾನು. ದೇವರ ದೀಪ ಹಚ್ಚಲು ಮಹಡಿ ಹತ್ತುವಾಗಲೆಲ್ಲ ಯಾರದೋ ನಾಯಿಯ ಹಾಸಿಗೆ ತುಳಿದುಕೊಂಡು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಮಂಜುನಾಥ್ ತರೀಕೆರೆಯವರು. ಅಲ್ಲಿ ಮೆಡಿಕಲ್ ಸ್ಟೋರ್‌ನಲ್ಲಿ ಕೂತು ಮಾತ್ರೆ ಎಣಿಸುತ್ತಿದ್ದವರು ಇಲ್ಲಿ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ ಮಾಡುತ್ತಾರೆ. ಮಗಳು ನಿಧಿ ಎರಡನೇ ಕ್ಲಾಸು. ನಮ್ಮಲ್ಲಿ ಟೆರೇಸ್ ಅಂದರೆ ತಾರಸಿ, ಹಪ್ಪಳ ಒಣಗಿಸುವ ಜಾಗ. ಇಲ್ಲಿ ಟೆರೇಸ್ ಮನೆ ಅಂದರೆ ಸಾಲುಮನೆ, ಒಂದೇ ಗೋಡೆಯ ಆ ಕಡೆ ಅವರು, ಈ ಕಡೆ ನಾವು. ಇದು ನನಗೆ ಹೊಸದೇನಲ್ಲ. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದಾಗ ಬೀರೂರಿನ ಕ್ವಾರ್ಟರ್ಸಿನಲ್ಲಿ ಇಂಥದೇ ಗೋಡೆಗೆ ಒರಗಿಕೊಂಡು ಓದಿದವಳು ನಾನು. ಗೋಡೆಯಾಚೆ ಗಂಗಮ್ಮತ್ತೆ ಬಕೆಟ್ಟು ಇಟ್ಟ ಸದ್ದು ಬಂದರೆ ಬೆಳಗಾಯಿತು ಅಂತ ಲೆಕ್ಕ. ಒಂದು ದಿನ ಆ ಸದ್ದು ಬರಲಿಲ್ಲ. ಅಮ್ಮ ಒಲೆ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಓಡಿದಳು, ನೋಡಿದರೆ ಅತ್ತೆ ಜ್ವರದಲ್ಲಿ ಮೇಲೇಳಲಾರದೆ ಬಿದ್ದುಕೊಂಡಿದ್ದರು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಹೇಗೆ ಮರೆತೆ ಎನ್ನುವುದನ್ನೇ ಈಗ ಬರೆಯಲು ಕೂತಿದ್ದೇನೆ.

ಮರೆಸಿದ್ದು ನಾವು ಮೊದಲು ಬಾಡಿಗೆಗಿದ್ದ ಮನೆ. ಅಲ್ಲಿ ಕೆಳಗಿನ ಮನೆಯವನು ದಿನಾ ನಗುನಗುತ್ತಾ ಗುಡ್ ಮಾರ್ನಿಂಗ್ ಹೇಳುತ್ತಿದ್ದ. ನಾನು ಬೆಳಗಿನ ಜಾವ ದೋಸೆಗೆ ರುಬ್ಬುವುದು ಅವನ ನಿದ್ದೆ ಕೆಡಿಸುತ್ತದೆ ಎಂದು ಮಾಲೀಕರಿಗೆ ದೂರು ಕೊಟ್ಟವನೂ ಅವನೇ. ಬೀರೂರಲ್ಲಾಗಿದ್ದರೆ ಗೋಡೆ ಗುದ್ದಿ "ಏನ್ರೀ, ಇಷ್ಟೊತ್ತಿಗೇ ಶುರು ಹಚ್ಕಂಡ್ರಾ" ಅನ್ನುತ್ತಿದ್ದರು, ಮಧ್ಯಾಹ್ನ ಅದೇ ದೋಸೆ ತಿನ್ನಲು ಬರುತ್ತಿದ್ದರು. ಇಲ್ಲಿ ಮುಖಕ್ಕೆ ನಗು, ಬೆನ್ನಿಗೆ ದೂರು. ಅವತ್ತಿನಿಂದ ಒಂದು ಪಾಠ ಕಲಿತುಕೊಂಡೆ: ಈ ದೇಶದಲ್ಲಿ ಸದ್ದು ಮಾಡುವುದು ತಪ್ಪು, ತಪ್ಪು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಅರ್ಥ ಮಾಡಿಕೊಳ್ಳಬೇಕು.

ಹೊಸ ಮನೆಯ ಪಕ್ಕದಲ್ಲಿ ಜೀನ್ ಇದ್ದರು. ಗಂಡ ತೀರಿಕೊಂಡು ಒಬ್ಬರೇ ಇದ್ದ ಹಿರಿಯ ಹೆಂಗಸು. ಯಾವ ಕಸ ಯಾವ ಡಬ್ಬಿಗೆ, ಯಾವ ಡಬ್ಬಿ ಯಾವ ದಿನ ಬೀದಿಗೆ ಅಂತ ಹೇಳಿಕೊಡಲು ಮೊದಲ ವಾರವೇ ಬಂದರು. ಇಲ್ಲಿಯವರು ಗುರುತಿಲ್ಲದವರನ್ನೂ 'ಲವ್' ಅನ್ನುತ್ತಾರೆ, ನಮ್ಮ ಕಡೆ 'ತಾಯಿ', 'ಮಗಾ' ಅಂದಹಾಗೆ. ಮೊದಲ ಸಲ ಕೇಳಿದಾಗ ಮಂಜು ಕಿವಿವರೆಗೂ ಕೆಂಪಾಗಿದ್ದರು. ನಾನು ಉಪ್ಪಿಟ್ಟು ಕೊಟ್ಟರೆ ಜೀನ್ ಚಮಚದ ತುದಿಯಲ್ಲಿ ಹಸಿಮೆಣಸಿನಕಾಯಿ ಹುಡುಕಿ ತಟ್ಟೆಯ ಅಂಚಿಗೆ ಇಡುತ್ತಿದ್ದರು, ಆದರೆ ಪೂರ್ತಿ ತಿನ್ನುತ್ತಿದ್ದರು. ಈ ದೇಶದಲ್ಲಿ ಫೋನ್ ಮಾಡಿ ಕೇಳದೆ ಬಾಗಿಲು ತಟ್ಟಬಹುದಾದ ಮನೆ ನನಗೆ ಇದ್ದದ್ದು ಅದೊಂದೇ. ಅವರ ಮಗಳು ದೂರದ ಊರಿನಲ್ಲಿದ್ದಳು, ಅಲ್ಲಿಗೇ ಬಂದುಬಿಡು ಅಂತ ವರಾತ ಹಚ್ಚಿದ್ದಳು. "ಯಾಕೆ ಹೋಗಲಿ, ಗೋಡೆಯಾಚೆ ಜನ ಇದ್ದಾರೆ," ಅನ್ನುತ್ತಿದ್ದರು ಜೀನ್. ಆ ಜನ ಅಂದರೆ ನಾವು.

ಕಾರ್ಪೆಟ್ ಕೀಳುವ ಕೆಲಸ ಶುರುವಾದದ್ದು ಬೇಸಿಗೆ ರಜೆಯಲ್ಲಿ. ಬಡಗಿಯನ್ನು ಕರೆಸುವ ಶಕ್ತಿ ನಮಗಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಂಜು ಫೋನಿನಲ್ಲಿ ವಿಡಿಯೋ ನೋಡಿ ತಾವೇ ಬಡಗಿಯಾದರು. ಕಾರ್ಪೆಟ್ ಎಳೆದರೆ ಅದರ ಕೆಳಗೆ ಪುಡಿಪುಡಿಯಾದ ಸ್ಪಂಜು, ಅದರ ಅಂಚಿಗೆ ಕಾರ್ಪೆಟ್ ಕಚ್ಚಿ ಹಿಡಿಯಲು ಮೊಳೆಯ ಚೂಪು ಮೇಲೆ ಮಾಡಿದ ಮರದ ಪಟ್ಟಿ, ಎಲ್ಲಕ್ಕೂ ಕೆಳಗೆ ಬಣ್ಣ ಚೆಲ್ಲಿದ, ಅಲ್ಲಲ್ಲಿ ಸೀಳಿದ ಹಳೇ ಹಲಗೆ. ಹಳೇದನ್ನು ಕೀಳದೆ ಅದರ ಮೇಲೇ ಹೊಸ ಹಲಗೆ ಕೂರಿಸುವುದು ಅಗ್ಗದ ದಾರಿ. ಮರದ ಅಡ್ಡೆಯಲ್ಲಿ ಗಂಟು ಜಾಸ್ತಿ ಅಂತ ಪಕ್ಕಕ್ಕೆ ಹಾಕಿದ್ದ ಪೈನ್ ಹಲಗೆ ಕಡಿಮೆಗೆ ಸಿಕ್ಕಿತು. ಗರಗಸ ಜೀನ್ ಕೊಟ್ಟರು, ಅವರ ಗಂಡನದು. ಕೊಡುವ ಮುಂಚೆ ಅದರ ಹಿಡಿಯನ್ನು ಸೆರಗಿನಲ್ಲಿ ಒರೆಸಿದ ಹಾಗೆ ತಮ್ಮ ಸ್ವೆಟರಿನ ತೋಳಿನಲ್ಲಿ ಒರೆಸಿದರು.

ಹಳೇ ಮನೆಯ ಮೆಟ್ಟಿಲು, ಒಂದರಂತೆ ಇನ್ನೊಂದಿಲ್ಲ. ಒಂದಕ್ಕೆ ಅಳತೆ ತೆಗೆದು ಎಲ್ಲವನ್ನೂ ಕೊಯ್ದುಬಿಟ್ಟ ಮಂಜು ಮೊದಲ ದಿನ ತಲೆ ಮೇಲೆ ಕೈಹೊತ್ತು ಕೂತರು. "ತಲೆ ಒಳಗೇನಿದೆ ರೀ, ಬರೀ ಮಾತ್ರೆನಾ?" ಅಂದೆ. ಆಮೇಲೆ ರಟ್ಟು ಕತ್ತರಿಸಿ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಅಚ್ಚು ಮಾಡಿದರು. ಅಂಟು ಒಣಗುವವರೆಗೆ ಮೇಲೆ ಹೋಗುವುದು ಹೇಗೆ? ಒಂದು ಬಿಟ್ಟು ಒಂದಕ್ಕೆ ಅಂಟು ಹಾಕಿದರು, ಇವತ್ತು ಇದು, ನಾಳೆ ಅದು. ಆ ದಿನಗಳಲ್ಲಿ ನಿಧಿ ಎರಡೆರಡು ಮೆಟ್ಟಿಲು ಹಾರುವುದು ಕಲಿತಳು, ಕೆಲಸ ಮುಗಿದ ಮೇಲೂ ಬಿಡಲಿಲ್ಲ. ಎಣ್ಣೆ ಹಚ್ಚಿದ ಮೇಲೆ ಮರ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿತು. ಶುಕ್ರವಾರ ಒದ್ದೆಬಟ್ಟೆಯಲ್ಲಿ ಒರೆಸಿ, ಕೆಳಗಿನ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟೆ. ಮನೆ ನನ್ನದಾಯಿತು ಅನ್ನಿಸಿದ್ದು ಆ ಹೊತ್ತಿನಲ್ಲೇ.

ಆದರೆ ಮರಕ್ಕೆ ಬಾಯಿ ಇದೆ. ಮೆಟ್ಟಿಲು ಇರುವುದು ಜೀನ್ ಮನೆಯ ಗೋಡೆಗೆ ಅಂಟಿಕೊಂಡು. ನಾನು ಬೆಳಗಿನ ಡ್ಯೂಟಿಗೆ ಇಳಿದರೆ ದಡದಡ, ನಿಧಿ ಸ್ಕೂಲಿಗೆ ಹೊರಟರೆ ಧಡಾರ್. "ಎಮ್ಮೆದೊಡ್ಡಿ ಕಾವಲಿಂದ ದನ ಬಿಟ್ಟಂಗೆ ಇಳೀತೀರಲ್ಲ," ಅಂತ ಬೈಯುತ್ತಿದ್ದೆ. ಒಳಗೊಳಗೇ ಹೆದರಿಕೆ. ಜೀನ್ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಇನ್ನಷ್ಟು ಹೆದರಿಕೆ.

ಚಳಿ ಶುರುವಾದ ಮೇಲೆ ಒಂದು ಸಂಜೆ ಬಂದು ನೋಡಿದರೆ ಬಾಗಿಲ ಹಿಡಿಗೆ ಒಂದು ಚೀಲ ತೂಗುಹಾಕಿತ್ತು. ಒಳಗೆ ಮೂರು ಜೊತೆ ಚಪ್ಪಲಿ. ಉಣ್ಣೆ ಬಟ್ಟೆಯ, ದಪ್ಪ ಅಡಿಯ, ಮನೆಯೊಳಗೆ ಹಾಕುವ ಚಪ್ಪಲಿ. ನನಗೆ, ಮಂಜುಗೆ, ಪುಟ್ಟದು ನಿಧಿಗೆ. ಜೀನ್ ಅವರದೇ ಕೆಲಸ, ಅವರು ದಿನಾ ಅಂಗಡಿಗೆ ಒಯ್ಯುತ್ತಿದ್ದ ಚೀಲ ಅದು.

ನಮ್ಮ ಕಡೆ ಯಾರೂ ಯಾರಿಗೂ ಚಪ್ಪಲಿ ಉಡುಗೊರೆ ಕೊಡುವುದಿಲ್ಲ. ಮನೆಯೊಳಗೆ ಹಾಕುವ ಮಾತಂತೂ ದೂರ. ಚಪ್ಪಲಿ ತೋರಿಸುವುದು ಅಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಮೇಜಿನ ಮೇಲಿಟ್ಟರೆ ಅಪಶಕುನ ಅಂತ ನೆಲದ ಮೇಲೆ ಸಾಲಾಗಿಟ್ಟು ಇಬ್ಬರೂ ನೋಡುತ್ತಾ ನಿಂತೆವು.

"ಸದ್ದು ತಡಿಯಕಾಗ್ತಿಲ್ಲ ಅಂತ ಬಾಯಲ್ಲಿ ಹೇಳಕಾಗ್ದೆ ಹಿಂಗೆ ಹೇಳವ್ರೆ ಕಣೇ," ಅಂದರು ಮಂಜು.

"ನಂಗೂ ಹಂಗೇ ಅನ್ಸುತ್ತೆ."

"ಹೋಗಿ ಕೇಳಾನಾ?"

"ಏನಂತ ಕೇಳ್ತೀರಾ? ಮಾನ ಹೋಗಿರೋದು ಸಾಲ್ದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನನ್ನ ಹೆಗಲ ಮೇಲೇ ಇತ್ತು. ಚಪ್ಪಲಿಗಳನ್ನು ಚೀಲದಲ್ಲೇ ಕಟ್ಟಿ ಬೀರುವಿನ ಕೆಳಗೆ ತಳ್ಳಿದೆ. ವಾರದ ಸಂತೆಯಲ್ಲಿ ಕಾರ್ಪೆಟ್ ತುಂಡು ತಂದು, ಒಂದೊಂದು ಮೆಟ್ಟಿಲಿಗೂ ಒಂದೊಂದು ಕತ್ತರಿಸಿ, ಅಷ್ಟು ಕಷ್ಟಪಟ್ಟು ಎಣ್ಣೆ ಹಚ್ಚಿದ್ದ ಮರಕ್ಕೆ ಪಿನ್ನು ಹೊಡೆದು ಕೂರಿಸಿದೆವು. ನಿಧಿಗೆ ಹಾರಬಾರದು ಅಂತ ಗದರಿದೆ. ಅವಳು ಗೋಡೆ ಹಿಡಿದುಕೊಂಡು ಕಳ್ಳಿಯ ಹಾಗೆ ಇಳಿಯುವುದನ್ನು ಕಲಿತಳು. ನಾನು ತುದಿಗಾಲಿನಲ್ಲಿ, ಹಲಗೆ ಕಿರುಗುಟ್ಟದ ಅಂಚು ನೋಡಿಕೊಂಡು ಇಳಿಯುತ್ತಿದ್ದೆ. ಮನೆ ಮತ್ತೆ ಮೂಕವಾಯಿತು.

ಮುಖ ತೋರಿಸಲು ನಾಚಿಕೆಯಾಗಿ ಜೀನ್ ಮನೆಗೆ ಹೋಗುವುದನ್ನೂ ಬಿಟ್ಟೆ. ಬೀದಿಯಲ್ಲಿ ಸಿಕ್ಕಾಗ ಚಳಿ ಬಗ್ಗೆ ಒಂದು ಮಾತು, ಅಷ್ಟೇ. ಅವರು ಏನೋ ಹೇಳಲು ಬಾಯಿ ತೆರೆಯುವ ಮುಂಚೆ ನನಗೆ ಡ್ಯೂಟಿಗೆ ಹೊತ್ತಾಗಿರುತ್ತಿತ್ತು. ಕ್ರಿಸ್‌ಮಸ್ಸಿಗೆ ಅವರು ಮಗಳ ಮನೆಗೆ ಹೋದರು. ಬಂದರು. ಆಮೇಲೆ ಒಂದು ಬೆಳಗ್ಗೆ ಅವರ ಮನೆ ಮುಂದೆ ಮಾರಾಟಕ್ಕಿದೆ ಎನ್ನುವ ಬೋರ್ಡು ನಿಂತಿತ್ತು.

ಆವತ್ತು ಫೋನೂ ಇಲ್ಲ, ನಾಚಿಕೆಯೂ ಇಲ್ಲ, ನೇರ ಹೋಗಿ ಬಾಗಿಲು ತಟ್ಟಿದೆ. ಜೀನ್ ಕೆಟಲ್ ಇಟ್ಟರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಮಗಳು ಕೇಳುತ್ತಲೇ ಇದ್ದಳು, ನಾನು ಬೇಡ ಅನ್ನುತ್ತಲೇ ಇದ್ದೆ," ಅಂದರು. "ಈ ಚಳಿಗಾಲ ಯಾಕೋ ಬೇಡ ಅನ್ನಲು ಆಗಲಿಲ್ಲ. ಮನೆ ಬಹಳ ನಿಶ್ಶಬ್ದ ಆಗಿಬಿಟ್ಟಿತು, ಲವ್."

ಜೀನ್ ಎರಡು ಕಪ್ಪಿಗೆ ಕುದಿನೀರು ಬಗ್ಗಿಸಿದರು.

"ನೀವು ಆ ಮರದ ಮೆಟ್ಟಿಲು ಹಾಕಿದಾಗ ಎಷ್ಟು ಚೆನ್ನಾಗಿತ್ತು. ಬೆಳಗ್ಗೆ ನೀನು ಇಳಿಯುವುದು ಕೇಳುತ್ತಿತ್ತು. ಓ, ಅವಳು ಎದ್ದಳು, ನಾನೂ ಏಳಬೇಕು ಅಂತ ಎದ್ದು ಟೀ ಇಡುತ್ತಿದ್ದೆ. ಆಮೇಲೆ ಪುಟ್ಟಿ ಹಾರುವುದು. ಅದಕ್ಕೆ ಕಾಯುತ್ತಾ ಕೂರುತ್ತಿದ್ದೆ."

"ನಮ್ಮ ಸದ್ದು ನಿಮಗೆ ತೊಂದರೆ ಅಂದುಕೊಂಡೆವು," ಅಂದೆ. "ಅದಕ್ಕೇ ಚಪ್ಪಲಿ ಕೊಟ್ಟಿರಿ ಅಂತ."

ಜೀನ್ ನನ್ನನ್ನೇ ನೋಡಿದರು. "ನೀವು ಮೂರೂ ಜನ ಬರಿಗಾಲಲ್ಲಿ ಓಡಾಡುತ್ತೀರಿ. ಬರೀ ಮರ, ಈ ಚಳಿ. ಕಾಲು ತಣ್ಣಗಾಗುತ್ತೆ ಅಂತ ಕೊಟ್ಟೆ." ಟೀ ಕಪ್ಪನ್ನು ನನ್ನ ಕಡೆ ಸರಿಸಿ ಹೇಳಿದರು, "ನೀನು ಬರುವುದು ನಿಲ್ಲಿಸಿದೆ. ಚಪ್ಪಲಿ ಕೊಟ್ಟದ್ದು ಇಷ್ಟವಾಗಲಿಲ್ಲ, ಅತಿ ಸಲಿಗೆ ತೆಗೆದುಕೊಂಡೆ ಅಂದುಕೊಂಡೆ. ಕೇಳಬೇಕಿತ್ತೇನೋ. ಕೇಳಿದರೆ ನಿನಗೆ ಮುಜುಗರ ಆಗುತ್ತೆ ಅಂತ ಕೇಳಲಿಲ್ಲ."

ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಮಗಳ ಊರಿನಲ್ಲಿ ಅವರಿಗೆ ಮನೆ ಗೊತ್ತುಮಾಡಿಯಾಗಿತ್ತು, ಮಾತು ಕೊಟ್ಟಾಗಿತ್ತು. ಅವರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮೂರಲ್ಲಾಗಿದ್ದರೆ ಗಂಗಮ್ಮತ್ತೆಯ ಕೈಹಿಡಿದು "ಎಲ್ಲಿಗೂ ಹೋಗ್ಬೇಡ ಅತ್ತೆ, ನಾವಿಲ್ವಾ" ಅನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಆ ಮಾತು ಬಾಯಿಗೆ ಬರಲಿಲ್ಲ. ಟೀ ಕುಡಿದು ಎದ್ದು ಬಂದೆ.

ಜೀನ್ ಹೋದ ವಾರ ಕಾರ್ಪೆಟ್ ತುಂಡುಗಳನ್ನೆಲ್ಲ ಕಿತ್ತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ನಾನು ತೆಗೆದೆ, ಅಷ್ಟೇ ವ್ಯತ್ಯಾಸ. ಪಿನ್ನಿನ ತೂತುಗಳು ಮರದಲ್ಲಿ ಹಾಗೇ ಉಳಿದವು. ಮಂಜು ಅದಕ್ಕೆ ಏನೋ ಮೆತ್ತುತ್ತೇನೆ ಅಂದರು, ನಾನು ಬೇಡ ಅಂದೆ. ನಿಧಿಗೆ ಇನ್ನು ಹಾರು ಅಂದರೆ "ಬೇಡ ಮಮ್ಮಿ" ಅಂದಳು. ಬೀರುವಿನ ಕೆಳಗಿಂದ ಚಪ್ಪಲಿ ತೆಗೆದು, ಹುಟ್ಟಿದಾಗಿನಿಂದ ಮೊದಲ ಸಲ ಮನೆಯೊಳಗೆ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೆ. ಬೇಕೆಂದೇ ಜೋರಾಗಿ ಇಳಿದೆ. ಗೋಡೆಯಾಚೆ ಖಾಲಿ ಮನೆ, ಅದಕ್ಕೇ ಏನೋ ಸದ್ದು ಮೊದಲಿಗಿಂತ ಜಾಸ್ತಿ ಕೇಳಿಸಿತು.

ಏಪ್ರಿಲ್‌ನಲ್ಲಿ ರಜೆ ಹಾಕಿ ಒಬ್ಬಳೇ ಅಜ್ಜಂಪುರಕ್ಕೆ ಬಂದೆ. ಬೀರೂರಿನಲ್ಲಿ ರೈಲು ಇಳಿದು ಬಸ್ಸು ಹತ್ತಿ ಮನೆ ಸೇರುವಾಗ ಮಧ್ಯಾಹ್ನ. ತಮ್ಮನ ಮನೆಯಲ್ಲಿ ಈಗ ಅಪ್ಪ ಅಮ್ಮ, ತಮ್ಮನ ಹೆಂಡತಿ ಮಕ್ಕಳು, ಟಿವಿ, ಮಿಕ್ಸಿ, ಬೀದಿಯ ತರಕಾರಿ ಗಾಡಿಯ ಮೈಕು, ಸದ್ದಿಗೇನೂ ಬರವಿಲ್ಲ. ಹಿತ್ತಿಲ ಬಾಗಿಲಿಂದ ಒಳಗೆ ಹೋದೆ. ಅಮ್ಮ ಬೆನ್ನು ಮಾಡಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹತ್ತಿರ ಹೋಗಿ ನಿಂತು "ಅಮ್ಮ" ಅಂದೆ. ಅವಳು ಬೆಚ್ಚಿ ಬಿದ್ದಳು, ಮಡಿಲಲ್ಲಿದ್ದ ಬೀಜವೆಲ್ಲ ನೆಲಕ್ಕೆ ಚೆಲ್ಲಿತು.

"ಬೆಕ್ಕಿನಂಗೆ ಬಂದ್ಬಿಟ್ಟಲ್ಲೇ," ಅಂದಳು ಎದೆ ಮೇಲೆ ಕೈಯಿಟ್ಟುಕೊಂಡು. "ಯಾರ ಮನೆಗ್ ಬಂದಿದೀಯ ಅಂತ ಹಿಂಗ್ ನಡೀತೀಯಾ?"

ಬೀಜ ಆರಿಸಿ ಅವಳ ಮಡಿಲಿಗೆ ಹಾಕಿದೆ. ಆಮೇಲೆ ಹಿತ್ತಿಲಿಗೆ ಹೋಗಿ, ಬಕೆಟ್ಟನ್ನು ಕಲ್ಲಿನ ಮೇಲೆ ಒಮ್ಮೆ ಕುಕ್ಕಿ, ಹಿಮ್ಮಡಿ ಊರಿ ಸದ್ದು ಮಾಡಿಕೊಂಡು ಮತ್ತೆ ಒಳಗೆ ಬಂದೆ.