ಕ್ಷಯದ ಕ್ರಿಮಿಯೂ ನಮ್ಮ ದೂರದ ಅತ್ತೆಯೂ

ಎಂ.ಎಸ್ಸಿ. ಮೈಕ್ರೋಬಯಾಲಜಿಯ ಫೈನಲ್ ಪರೀಕ್ಷೆ ಹತ್ತಿರ ಬಂದಾಗ ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ನನಗೆ ಓದಲು ಇದ್ದುದು ಒಂದೇ ಕೋಣೆ. ಅದರಲ್ಲಿ ಅಪ್ಪನ ದೂರದ ಅಕ್ಕ, ಅಂದರೆ ನನ್ನ ಅತ್ತೆ, ಗೊರಕೆ ಹೊಡೆಯುತ್ತಿದ್ದರು. ಜನವರಿಯಲ್ಲಿ ಕಲಬುರ್ಗಿಯಿಂದ ನಾಂಪಲ್ಲಿಯ ಎಕ್ಸಿಬಿಷನ್ ನೋಡಲು ಬಂದವರು. ಎಕ್ಸಿಬಿಷನ್ ಮುಗಿದು ಬೇಸಿಗೆಯೇ ಶುರುವಾಗಿತ್ತು. ನಾನು ಫೇಲಾದರೆ ಓದು ಬಂದ್, ಮದುವೆ ಎಂದು ಅಪ್ಪ ಹೇಳಿಯಾಗಿತ್ತು.

ಹೋಗುವುದಿಲ್ಲ ಎಂದು ಅತ್ತೆ ಎಂದೂ ಅಂದವರಲ್ಲ, ಪಾಪ. ದಿನಾ ಬೆಳಿಗ್ಗೆ ಚೀಲ ಕಟ್ಟಿ ಹೊಸ್ತಿಲಲ್ಲಿ ನಿಂತು, "ನಾ ಇನ್ನ ಹೊಂಟೆನವಾ" ಎನ್ನುವರು. ಹೊರಟವರನ್ನು ತಡೆಯದೆ ಕಳಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. (ಈಗಿನವರು ರಿಟರ್ನ್ ಟಿಕೆಟ್ ತೋರಿಸಿಯೇ ಒಳಗೆ ಬರುತ್ತಾರೆ.) ಅವ್ವ ಒಲೆಯ ಮುಂದಿನಿಂದಲೇ, "ಅಯ್ಯ, ಇರ್ರಿ ಅಕ್ಕಾರ! ಏನ್ ಅವಸರ ಐತಿ?" ಎನ್ನುವಳು.

"ಭಾಳ ಒತ್ತಾಯ ಮಾಡ್ತೀಯವಾ ನೀ," ಎಂದು ಅತ್ತೆ ಚೀಲ ಬಿಚ್ಚುವರು.

ಆ ವಾರ ನಾನು ಓದುತ್ತಿದ್ದುದು ಕ್ಷಯದ ಬ್ಯಾಕ್ಟೀರಿಯಾ. ನುಂಗಿ ಅರಗಿಸುವುದೇ ಕೆಲಸವಾದ ಜೀವಕೋಶ ಅದನ್ನು ತಾನಾಗಿಯೇ ಒಳಗೆ ಎಳೆದುಕೊಂಡು ಪುಟ್ಟ ಗುಳ್ಳೆಯೊಂದರಲ್ಲಿ ಕೂರಿಸುತ್ತದೆ. ಅರಗಿಸುವ ರಸ ಆ ಗುಳ್ಳೆಗೆ ಬಂದು ಸೇರಬೇಕು. ಸೇರದ ಹಾಗೆ ಈ ಮಹರಾಯ ತಡೆದು, ಹೋಸ್ಟ್ ಸೆಲ್‌ನ ಊಟವನ್ನೇ ಉಣ್ಣುತ್ತ ಹಾಯಾಗಿರುತ್ತಾನೆ. ಬಾಗಿಲು ಒಡೆಯುವ ಗೋಜೇ ಇಲ್ಲ. ಮನೆಯವರ ಪದ್ಧತಿಯನ್ನೇ ಹಿಡಿದು ಮನೆಯವರನ್ನು ಕುಣಿಸುವುದು. ಓ ಮೈ ಗಾಡ್, ಎಂದು ಅಡುಗೆಮನೆಗೆ ಓಡಿದೆ.

"ಅವ್ವಾ, ನಾಳೆ ನೀ ಬಾಯಿ ತೆರೀಬ್ಯಾಡ. ಅಷ್ಟೇ ಟ್ರೀಟ್‌ಮೆಂಟ್."

"ಕಾನ್ವೆಂಟಿನಾಗ ಇದನ್ನ ಕಲಿಸಿದ್ರೇನ? ಅತ್ತೀನ್ನ ರೋಗ ಅಂತಾಳ!" ಬೈದರೂ ಒಪ್ಪಿದಳು, ತುಪ್ಪದ ಡಬ್ಬಿ ತಳ ಕಂಡಿತ್ತು.

ಮರುದಿನ ಅತ್ತೆ ಹೊಸ್ತಿಲಲ್ಲಿ ನಿಂತು, "ನಾ ಇನ್ನ ಹೊಂಟೆನವಾ" ಎಂದರು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಪೇಪರಿನ ಹಿಂದೆ ಅಡಗಿದರು. ಕುಕ್ಕರ್ ಕೂಡ ಸೀಟಿ ಹಾಕಲಿಲ್ಲ. ಅತ್ತೆ ಒಂದು ಕಾಲು ಹೊರಗಿಟ್ಟು ಕಾದರು. ಅವರ ಮುಖ ಸಣ್ಣದಾಯಿತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸೋ, ಅವ್ವನ ರಕ್ತವೋ, ಒಂದು ಬಾಯಿ ತೆರೆದೇಬಿಟ್ಟಿತು. ನನ್ನದು.

"ಅಯ್ಯ, ಇರ್ರಿ ಅತ್ತಿ! ಊಟಾನರ ಮಾಡ್ಕೊಂಡು ಹೋಗ್ರಿ."

"ನನ್ನ ಮ್ಯಾಲ ಭಾಳ ಜೀವ ನಮ್ಮ ಹುಡುಗೀದು," ಎಂದು ಅತ್ತೆ ನನ್ನ ಕೋಣೆಗೆ ನಡೆದರು.

ಆ ಪರೀಕ್ಷೆಗೆ ನಾನು ಓದಿದ್ದೆಲ್ಲ ಬಚ್ಚಲಲ್ಲಿ, ಹಂಡೆಯ ಮೇಲೆ ಪುಸ್ತಕ ಇಟ್ಟುಕೊಂಡು. ಪಾಸಾದೆ. ಓಣಿಗೆಲ್ಲ ಪೇಡೆ ಹಂಚಿದವರು ಅತ್ತೆಯೇ.