ಮಾಸ್ತರರ ಹಸಿರು ಪುಸ್ತಕ

ನಿನ್ನ ಅಜ್ಜನಿಗೆ ಅರಳುಮರಳು ಆಗಿರಲಿಲ್ಲ, ಶೈಲಾ. ಪುಸ್ತಕ ನಿಜವಾಗಿಯೂ ಬದಲಾಗಿತ್ತು. ಬದಲಾಯಿಸಿದವಳು ನಾನು — ಮುಂಬಯಿಯ ಸಯನ್ನಿನ ಬಿಲ್ಡಿಂಗಿನಲ್ಲಿ ನಿಮ್ಮ ಮೇಲಿನ ಮನೆಯಲ್ಲಿದ್ದ ಹೋಟೆಲಿನವರ ಹೆಂಡತಿ, ನಿನ್ನ ಲಲಿತಾ ಆಂಟಿ.

ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ವಿಕ್ಟೋರಿಯಾ ರಾಣಿಯ ಕಾಲದ ಪುಸ್ತಕಗಳೆಂದರೆ ನನಗೆ ಹುಚ್ಚು. ಓದುವ ಹುಚ್ಚಲ್ಲ — ಚರ್ಮದ ರಟ್ಟು, ಬೆನ್ನಿನ ಮೇಲೆ ಎದ್ದು ನಿಂತ ಪಟ್ಟಿಗಳು, ಹಾಳೆಯ ಅಂಚಿಗೆ ಬಳಿದ ಚಿನ್ನ, ಅದರ ಹುಚ್ಚು. ಫೋರ್ಟಿನ ಫುಟ್‌ಪಾತಿನಲ್ಲೋ ಚೋರ್ ಬಜಾರಿನಲ್ಲೋ ರದ್ದಿಯ ರಾಶಿಯೊಳಗೆ ಕೈ ಹಾಕಿದರೆ ಸಾಕು, ಇದು ಆಡಿನ ಚರ್ಮ, ಇದು ಕರುವಿನದು, ಇದು ಬರೀ ಬಟ್ಟೆ ಎಂದು ನನ್ನ ಬೆರಳೇ ಹೇಳುತ್ತಿತ್ತು. ಒಬ್ಬ ಅಂಗಡಿಯವನೂ ನನಗೆ ಟೋಪಿ ಹಾಕಲಿಲ್ಲ. ಬೇರೆ ಹೆಂಗಸರು ಬಳೆ ಮಾಡಿಸಿದರು, ನಾನು ಕಪಾಟು ಮಾಡಿಸಿದೆ. "ನಿನ್ನ ಬಂಗಾರವನ್ನು ಗೆದ್ದಲು ತಿಂತದೆ ಮಾರಾಯ್ತಿ," ಎಂದು ನಮ್ಮವರು ಕುಟುಕುತ್ತಿದ್ದರು. ತಿನ್ನಲಿಲ್ಲ. ಒಂದು ಹಾಳೆಯನ್ನೂ ತಿನ್ನಲು ಬಿಟ್ಟವಳಲ್ಲ ನಾನು.

ನಿನ್ನ ಅಜ್ಜ ಧಾರವಾಡದ ಕಡೆಯ ಮಾಸ್ತರರು. ಮಗನ ಮನೆ ಸೇರುವ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಗಿತ್ತು; ನೀನಿನ್ನೂ ಅಂಬೆಗಾಲಿಡುತ್ತಿದ್ದೆ. ಆದರೂ ಗೋಡೆ ಸವರುತ್ತ ಒಬ್ಬರೇ ಗೇಟಿನವರೆಗೆ ಇಳಿದು ಹೋಗಿ ಬರುತ್ತಿದ್ದರು. ಅವರ ಹತ್ತಿರ ಅವರ ಗುರುಗಳು ಕೊಟ್ಟ ಒಂದು ಪುಸ್ತಕವಿತ್ತು. ಕಡು ಹಸಿರು ಚರ್ಮ, ಮೇಲುರಟ್ಟಿನ ತುಂಬ ಚಿನ್ನದಲ್ಲಿ ಒತ್ತಿದ ದ್ರಾಕ್ಷಿ ಬಳ್ಳಿ. ಅಂಥದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಆ ಬಳ್ಳಿಯ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದರು. ಕೇಳಿದಷ್ಟು ಕೊಡುತ್ತೇನೆ, ನನಗೆ ಮಾರಿಬಿಡಿ ಎಂದೆ. ಅವರು ನಕ್ಕರು.

"ಇದನ್ನ ನಿನಗ ಕೊಟ್ಟು ನಾ ಏನ ಹಿಡಕೊಂಡು ಕೂಡ್ಲಿ, ತಂಗಿ?"

ಆ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯಿತು. ಒರೆಸಿ, ವ್ಯಾಸಲಿನ್ ತಿಕ್ಕಿ, ನೆರಳಲ್ಲಿ ಆರಿಸಬೇಕು. ಅದು ಇಡೀ ಬಿಲ್ಡಿಂಗಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವರೇ ನಂಬಿ ಕೊಟ್ಟರು. ನಾನು ಮೇಲೆ ತಂದು ಒರೆಸಿದೆ, ಕಪಾಟಿನಲ್ಲಿಟ್ಟು ನೋಡಿದೆ — ಆಮೇಲೆ ಕೆಳಗೆ ಒಯ್ಯಲು ಕೈ ಬರಲಿಲ್ಲ. ಕಣ್ಣೇ ಇಲ್ಲದವರಿಗೆ ಚಿನ್ನ ಯಾಕೆ ಎಂದುಕೊಂಡೆ. ಹೌದು, ಹೀಗೆಯೇ ಅಂದುಕೊಂಡೆ. ಅಷ್ಟೇ ದಪ್ಪದ, ಅಷ್ಟೇ ತೂಕದ, ಬೆನ್ನಿಗೆ ಅಷ್ಟೇ ಪಟ್ಟಿಗಳಿದ್ದ ಒಂದು ಸಾದಾ ಹಸಿರು ಪುಸ್ತಕವನ್ನು ಆರಿಸಿ ಅವರ ಕೈಗಿಟ್ಟೆ.

ಅವರು ಬೆನ್ನು ಸವರಿದರು. ರಟ್ಟು ಸವರಿದರು. ಮತ್ತೆ ಸವರಿದರು.

"ಬಳ್ಳಿ ಎಲ್ಲಿ ಹೋತು, ತಂಗಿ?"

ಆಗಲಾದರೂ ಹೇಳಬಹುದಿತ್ತು. ತಪ್ಪಿ ಬೇರೆ ತಂದೆ ಎಂದಿದ್ದರೆ ಮುಗಿಯುತ್ತಿತ್ತು — ಆದರೆ ನಾನು ಅಂದದ್ದು ಇದು:

"ಬಳ್ಳಿ ಅಲ್ಲೇ ಉಂಟು ಮಾಸ್ತರೇ. ನಿಮ್ಮ ಬೆರಳಿಗೆ ಸಿಗ್ತಾ ಇಲ್ಲ, ಅಷ್ಟೆ."

ಅವರು ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿಕೊಂಡರು. ಆಮೇಲೆ, "ಕಣ್ಣು ಹೋದಮ್ಯಾಲೆ ಇವನ್ನ ನಂಬಿದ್ದೆ. ಇವೂ ಹೋದ್ವು ಹಂಗಾದ್ರ," ಎಂದರು.

ಮರುದಿನ ನಿನ್ನ ಅಮ್ಮ ಮೇಲೆ ಬಂದಳು. "ಅಕ್ಕಾರ, ಮಾವನವರು ಪುಸ್ತಕ ಬದಲಾಗ್ಯದ ಅಂತಾರ. ಖರೇ ಏನ್ರಿ?" ಎಂದು ಕೇಳಿದಳು. ಕಪಾಟಿಗೆ ಬೆನ್ನು ಕೊಟ್ಟು ನಿಂತೇ ನಾನು, "ವಯಸ್ಸಾಯ್ತಲ್ಲ, ಹೀಗೆಲ್ಲ ಆಗ್ತದೆ. ನೀನು ಬೇಜಾರು ಮಾಡ್ಬೇಡ," ಎಂದೆ. ನಿಮ್ಮ ಮನೆಯಲ್ಲಿ ಆ ಪುಸ್ತಕವನ್ನು ಹತ್ತಿರದಿಂದ ನೋಡಿದವರೇ ಇರಲಿಲ್ಲ; ಹಸಿರು ರಟ್ಟು ಕಂಡರೆ ಸಾಕಿತ್ತು. ಪಾಪ, ಅವಳು ನಂಬಿದಳು. ಅಲ್ಲಿಂದ ಮುಂದೆ ಹಾಲು ಒಡೆದಿದೆ ಎಂದು ಮಾಸ್ತರರು ಅಂದರೆ ನಿಮ್ಮ ಮನೆಯಲ್ಲಿ ಯಾರೂ ಪಾತ್ರೆಯ ಮುಚ್ಚಳ ತೆಗೆದು ನೋಡಲಿಲ್ಲ. ಅವರು ಗೇಟಿಗೆ ಇಳಿಯುವುದನ್ನು ಬಿಟ್ಟರು. ಅಂಗಿಯ ಗುಂಡಿ ಸರಿ ಬಿದ್ದಿದೆಯೇ ಎಂದು ನಿನ್ನ ಅಮ್ಮನನ್ನು ಕೇಳತೊಡಗಿದರು, ಕೊನೆಗೆ ತುತ್ತನ್ನೂ ಅವಳೇ ಕಲಸಿ ಕೊಡಬೇಕಾಯಿತು. ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ಒಂದು ಮೆಟ್ಟಿಲಸಾಲು ಇಳಿದು ಹೋಗಿ ಅವರ ಪುಸ್ತಕ ಕೊಟ್ಟಿದ್ದರೆ ಆ ಮನುಷ್ಯ ಮತ್ತೆ ಎದ್ದು ನಡೆಯುತ್ತಿದ್ದರು. ನಾನು ಇಳಿಯಲಿಲ್ಲ. ಅವರು ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳೂ ನಾನೇ, ನಾಚಿಕೆಗೆಟ್ಟವಳು.

ಮೊನ್ನೆ ಮದುವೆಮನೆಯಲ್ಲಿ ನೀನು ನಗುತ್ತ ಅಂದೆಯಲ್ಲ — "ಅಜ್ಜಾ ಲಾಸ್ಟಲ್ಲಿ ಥೋಡಾ ಪಾಗಲ್ ಆಗಿದ್ರು ನಾ ಆಂಟಿ? ಅಮ್ಮಾ ಹೇಳ್ತಾಳೆ." ನನ್ನ ತಟ್ಟೆಯ ಊಟ ತಟ್ಟೆಯಲ್ಲೇ ಉಳಿಯಿತು. ಆ ಮಾತು ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ ಶೈಲಾ, ನಾನು ಹುಟ್ಟಿಸಿದ್ದು.

ಭಾನುವಾರ ಪುಸ್ತಕ ಹಿಡಿದು ಮಲಾಡಿನ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನ ಎದುರು ಇದನ್ನೇ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕ್ಷಮಿಸಬಹುದಾಗಿದ್ದವರು ಒಬ್ಬರೇ — ಅವರು ತಮ್ಮ ಕೈಗಿಂತ ನನ್ನ ಮಾತನ್ನೇ ನಂಬಿಕೊಂಡು ಹೋಗಿಬಿಟ್ಟರು.